ತೊಟ್ಟಪ್ಪನ ಎಡಗೈ

"ನಾನು ಸಹಿ ಹಾಕಲ್ಲ" ಅಂದೆ.

ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆ, ಕಾರ್ಖಾನೆಯ ಮೂರನೇ ಮಹಡಿಯ ಸಭೆಯ ಕೋಣೆ. ಉದ್ದನೆಯ ಮೇಜಿನ ಸುತ್ತ ಕೂತಿದ್ದ ಒಂಬತ್ತು ಜನ ಒಟ್ಟಿಗೇ ನನ್ನ ಕಡೆ ತಿರುಗಿದರು. ಅಲ್ಲಿಯವರೆಗೆ ಅರ್ಧ ಜನ ಮೇಜಿನ ಕೆಳಗೆ ಫೋನು ನೋಡುತ್ತಿದ್ದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಅದು ಸುಳ್ಳು, ಅಲ್ಲಿ ಕೂರುವಷ್ಟು ತಾಳ್ಮೆಯೂ ಅದಕ್ಕಿಲ್ಲ.

ನಾನು ಪರೀಕ್ಷಾ ವಿಭಾಗದ ಇಂಜಿನಿಯರ್. ಹೊಸ ಕಾರು ಅಂಗಡಿಗೆ ಹೋಗುವ ಮುಂಚೆ ಅದು ಎಷ್ಟು ಪೆಟ್ರೋಲ್ ಕುಡಿಯುತ್ತದೆ ಎಂದು ಅಳೆದು ವರದಿ ಬರೆಯುವುದು ನನ್ನ ಕೆಲಸ. ಈ ಸಲ ನಮ್ಮ ಮುಂದಿದ್ದದ್ದು ಒಂದು ಮಧ್ಯಮ ಗಾತ್ರದ ಸೆಡಾನ್. ಐದು ಜನ ಕೂರಬಹುದು, ಹಿಂದಿನ ಡಿಕ್ಕಿಯಲ್ಲಿ ಮೂರು ಸೂಟ್‌ಕೇಸು ಹಿಡಿಯುತ್ತದೆ, ನೋಡಲು ತೀರಾ ಚೆಂದವೂ ಅಲ್ಲ, ತೀರಾ ಕೆಟ್ಟದ್ದೂ ಅಲ್ಲ. ಮನೆಮಂದಿಯ ಕಾರು. ಇದಕ್ಕೆ ಫುಲ್ ಹೈಬ್ರಿಡ್ ಕೊಡಬೇಕೋ ಬೇಡವೋ ಎಂಬುದೇ ಅವತ್ತಿನ ಪ್ರಶ್ನೆ.

ಫುಲ್ ಹೈಬ್ರಿಡ್ ಅಂದರೆ ದೊಡ್ಡ ರಹಸ್ಯವೇನಲ್ಲ. ಪೆಟ್ರೋಲ್ ಎಂಜಿನ್ನಿನ ಜೊತೆಗೆ ಒಂದು ಗಟ್ಟಿ ಮೋಟಾರು, ಒಂದು ಬ್ಯಾಟರಿ. ಟ್ರಾಫಿಕ್ಕಿನಲ್ಲಿ ತೆವಳುವಾಗ ಎಂಜಿನ್ ಆರಿಹೋಗಿ ಮೋಟಾರೇ ಕಾರನ್ನು ಎಳೆಯುತ್ತದೆ. ಬ್ರೇಕ್ ಒತ್ತಿದಾಗ, ಇಳಿಜಾರು ಇಳಿಯುವಾಗ, ತಿರುಗುವ ಚಕ್ರದಿಂದಲೇ ಬ್ಯಾಟರಿ ತುಂಬುತ್ತದೆ. ಗೋಡೆಯ ಪ್ಲಗ್ಗಿಗೆ ಚುಚ್ಚುವ ಗೋಜೇ ಇಲ್ಲ. ಈ ಕೊನೆಯ ಮಾತಿಗಾಗಿ ನಾನು ಮೂರು ವರ್ಷ ಈ ಕಾರಿನ ಬೆನ್ನು ಹತ್ತಿದ್ದೆ. ನಮ್ಮ ಮನೆ ನಾಲ್ಕನೇ ಮಹಡಿಯಲ್ಲಿದೆ, ಕಾರು ಬೀದಿಯಲ್ಲಿ ನಿಲ್ಲುತ್ತದೆ, ಅದೂ ಜಾಗ ಸಿಕ್ಕ ದಿನ. ಪೂರ್ತಿ ಕರೆಂಟಿನ ಕಾರು ಕೊಂಡರೆ ವೈರನ್ನು ಕಿಟಕಿಯಿಂದ ಇಳಿಬಿಡಲೇ? ನಮ್ಮ ಬೀದಿಯಲ್ಲಿ ನೂರಾರು ಮನೆಗಳಿವೆ, ಎಲ್ಲರದ್ದೂ ಇದೇ ಕಥೆ. ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ ನಾವೆಲ್ಲ ಎಂಜಿನ್ ಚಾಲೂ ಇಟ್ಟುಕೊಂಡೇ ಸಾಲಿನಲ್ಲಿ ಅಂಗುಲ ಅಂಗುಲ ಸರಿಯುತ್ತೇವೆ. ಹೊಗೆ ಕೊಳವೆ ಎಷ್ಟು ಎತ್ತರದಲ್ಲಿರುತ್ತದೋ ಅದಕ್ಕಿಂತ ಸ್ವಲ್ಪವೇ ಮೇಲೆ ಒಂದನೇ ಕ್ಲಾಸಿನ ಮಕ್ಕಳ ಮೂಗು ಇರುತ್ತದೆ. ಅದನ್ನು ನೋಡಿದ ದಿನದಿಂದ ನನಗೆ ಈ ವಿಷಯದಲ್ಲಿ ಸಮಾಧಾನ ಎಂಬುದಿಲ್ಲ.

ಆದರೆ ವರದಿಯ ಅಂಕಿ ಬೇರೆಯೇ ಹೇಳುತ್ತಿತ್ತು. ನಗರದ ರಸ್ತೆಯಲ್ಲಿ ಬರೀ ಪೆಟ್ರೋಲಿನ ಸೆಡಾನ್ ಲೀಟರಿಗೆ ಹದಿನೆಂಟು ಕಿಲೋಮೀಟರ್. ಫುಲ್ ಹೈಬ್ರಿಡ್ ಲೀಟರಿಗೆ ಇಪ್ಪತ್ತು.

"ಎರಡೇ ಎರಡು ಕಿಲೋಮೀಟರ್!" ಎಂದರು ಮಾರಾಟ ವಿಭಾಗದ ಮುಖ್ಯಸ್ಥರು. ಅವರು ಬಾಯಿ ಬಿಟ್ಟರೆ ಜಾಹೀರಾತು ಓದಿದ ಹಾಗೆ ಇರುತ್ತದೆ, ಹಾಗಾಗಿ ನಾವು ಅವರನ್ನು ಹಿಂದಿನಿಂದ ಕರಪತ್ರ ಎನ್ನುತ್ತೇವೆ. "ಎರಡು ಕಿಲೋಮೀಟರಿಗೋಸ್ಕರ ಜನ ಅಷ್ಟು ದೊಡ್ಡ ಬ್ಯಾಟರಿ ಹೊತ್ಕೊಂಡು ತಿರುಗಬೇಕಾ? ಫುಲ್ ಹೈಬ್ರಿಡ್ ದೊಡ್ಡ ಕಾರಿಗೆ ಇರ್ಲಿ, ಅಲ್ಲಿ ಅದಕ್ಕೊಂದು ಗತ್ತು. ಸಂಸಾರಸ್ಥರಿಗೆ ಪೆಟ್ರೋಲ್ ಸಾಕು. ಅದೂ ಈ ಅಂಕಿ ಯಾರ ಕೈಯಿಂದ ಬಂದಿರೋದು? ತೊಟ್ಟಪ್ಪನ ಕೈಯಿಂದ! ಇನ್ನೇನು ಮಾತಾಡೋದಿದೆ?"

ಮೇಜಿನ ಸುತ್ತ ತಲೆಗಳು ಅಲ್ಲಾಡಿದವು. ತೊಟ್ಟಪ್ಪ ನನ್ನ ಸೋದರಮಾವ.

ಮಾವ ನಮ್ಮ ಕಾರ್ಖಾನೆಯ ಹಿರಿಯ ಪರೀಕ್ಷಾ ಚಾಲಕ. ಮೂವತ್ತೊಂದು ವರ್ಷದಿಂದ ಇಲ್ಲಿನ ಪ್ರತಿಯೊಂದು ಕಾರಿನ ಮೈಲೇಜೂ ಅವರ ಕೈಯಿಂದಲೇ ಬಂದಿದೆ. ಕಾರಿನಿಂದ ಕಾರಿಗೆ ವ್ಯತ್ಯಾಸ ಗೊತ್ತಾಗಬೇಕಾದರೆ ಕೈ ಒಂದೇ ಇರಬೇಕು ಎಂಬುದು ನಮ್ಮ ವಿಭಾಗದ ಪದ್ಧತಿ. ಬೇರೆ ಚಾಲಕರು ಹದಿನೈದು ತೆಗೆಯುವ ಕಾರಿನಲ್ಲಿ ಅವರು ಹದಿನೆಂಟು ತೆಗೆಯುತ್ತಾರೆ. ಒಂದು ತೊಟ್ಟು ಪೆಟ್ರೋಲನ್ನೂ ದಂಡ ಮಾಡುವುದಿಲ್ಲ ಎಂದೇ ಆ ಅಡ್ಡಹೆಸರು. ಪೆಡಲು ಪಾದಕ್ಕೆ ತಿಳಿಯಲಿ ಎಂದು ತೆಳ್ಳನೆ ಅಟ್ಟೆಯ ಬೂಟು ಹಾಕುತ್ತಾರೆ. ಮುಂದಿರುವ ಪರದೆಯ ಮೇಲೆ ಒರೆಸುವ ಬಟ್ಟೆ ಹೊದಿಸಿಕೊಂಡೇ ಓಡಿಸುತ್ತಾರೆ. ಕಿವಿ ನೆಟ್ಟಗಿರುವವನಿಗೆ ಪರದೆ ಯಾಕೆ ಎಂದು ಕೇಳುತ್ತಾರೆ. ನನಗೆ ಕಾರು ಕಲಿಸಿದ್ದು ಅವರು, ಈ ಕೆಲಸಕ್ಕೆ ಅರ್ಜಿ ಹಾಕು ಎಂದು ಕಿವಿ ಹಿಂಡಿದ್ದೂ ಅವರು. ಮುಂದಿನ ತಿಂಗಳು ಅವರ ನಿವೃತ್ತಿ.

"ಸಹಿ ಯಾಕೆ ಹಾಕಲ್ಲ?" ಎಂದು ಕೇಳಿದರು ವಿಭಾಗದ ನಿರ್ದೇಶಕರು. ಮೆತ್ತಗೆ ಮಾತಾಡುವವರು. ಮೆತ್ತಗೆ ಮಾತಾಡಿಯೇ ಮನುಷ್ಯರನ್ನು ಅಲ್ಲಿಂದಿಲ್ಲಿಗೆ ಎತ್ತಿ ಹಾಕುವವರು.

"ಈ ಅಂಕಿ ಸುಳ್ಳು ಸರ್. ಎಲ್ಲಿ ಅಂತ ಗೊತ್ತಿಲ್ಲ. ಆದ್ರೆ ಸುಳ್ಳು."

"ಹಳದಿ ಹಾಳೆ ನೋಡಿದೆಯಾ?"

ನೋಡಿದ್ದೆ. ನಮ್ಮಲ್ಲಿ ಪ್ರತಿ ಪರೀಕ್ಷೆಗೂ ಒಂದು ಹಳದಿ ಹಾಳೆ. ಅದರ ಕೊನೆಯ ಸಾಲು 'ಚಾಲಕನ ತಪ್ಪು'. ಅದನ್ನು ಚಾಲಕನೇ ತನ್ನ ಕೈಯಾರೆ ತುಂಬಬೇಕು, ನಿರ್ದೇಶಕರೂ ಅಲ್ಲಿ ಪೆನ್ನು ಇಡುವಂತಿಲ್ಲ. ಯಾವನೋ ಇಂಜಿನಿಯರ್ ತನ್ನ ಎಡವಟ್ಟನ್ನು ಡ್ರೈವರ್ ತಲೆಗೆ ಕಟ್ಟಿದ್ದಕ್ಕೆ, ಆಗಿನ್ನೂ ಕೆಲಸಕ್ಕೆ ಹೊಸಬರಾಗಿದ್ದ ಮಾವ ಮೂರು ದಿನ ಕೀಲಿಕೈ ಮುಟ್ಟದೆ ಕೂತು ಆ ನಿಯಮ ಮಾಡಿಸಿದ್ದರಂತೆ. ಅಲ್ಲಿಂದ ಇಲ್ಲಿಯವರೆಗೆ ಅವರ ಹಾಳೆಗಳಲ್ಲಿ ಆ ಸಾಲಿನ ಎದುರು ಇರುವುದು ಒಂದೇ ಮಾತು: ಇಲ್ಲ.

"ಇಲ್ಲ ಅಂತಿದೆ ಸರ್."

"ಮತ್ತೆ? ಅವರಾಗೇ ತಪ್ಪು ಅಂತ ಬರೆದ್ರೆ ಮರುಪರೀಕ್ಷೆ. ಇಲ್ಲಾಂದ್ರೆ ಸೋಮವಾರ ನಿನ್ನ ಸಹಿ. ನೀನು ಹಾಕದೇ ಇದ್ರೆ ಬೇರೆಯವರು ಹಾಕ್ತಾರೆ. ಬಣ್ಣದ ವಿಭಾಗದಲ್ಲೂ ಒಂದು ಜಾಗ ಖಾಲಿ ಇದೆ ಅಂತ ಕೇಳ್ದೆ."

ಬಣ್ಣದ ವಿಭಾಗ ಅಂದರೆ ತಗಡಿನ ತುಂಡುಗಳನ್ನು ಬಿಸಿಲಿಗಿಟ್ಟು ಬಣ್ಣ ಮಾಸುವುದನ್ನು ಕಾಯುತ್ತ ಕೂರುವುದು. "ಬಣ್ಣಾನೇ ಬಳೀತೀನಿ ಸರ್, ಸಹಿ ಮಾತ್ರ ಹಾಕಲ್ಲ" ಎಂದು ಎದ್ದು ಬಂದೆ.

ನನ್ನ ಮೇಜಿಗೆ ಬಂದು ಕಂಪ್ಯೂಟರಿನಲ್ಲಿ ಆ ಪರೀಕ್ಷೆಯ ಪೂರ್ತಿ ದಾಖಲೆ ತೆರೆದೆ. ವರದಿಗೆ ಬೇಕಾಗುವುದು ಎಷ್ಟು ದೂರ, ಎಷ್ಟು ಪೆಟ್ರೋಲ್ ಎಂಬ ಎರಡೇ ಅಂಕಿ. ಕ್ಷಣಕ್ಷಣದ ದಾಖಲೆಯನ್ನು ಅನುಮಾನ ಬಂದಾಗ ಮಾತ್ರ ತೆರೆಯುತ್ತೇವೆ, ಮತ್ತು ಮಾವನ ಮೇಲೆ ಯಾರಿಗೂ ಎಂದೂ ಅನುಮಾನ ಬಂದದ್ದಿಲ್ಲ. ಬ್ಯಾಟರಿಯ ಗೆರೆ ನೋಡಿದೆ. ಗುಡ್ಡದ ರಸ್ತೆ ಇಳಿಯುವಾಗ ಅದು ಏರಬೇಕು. ಏರಿರಲಿಲ್ಲ, ಇಸ್ತ್ರಿ ಹಾಕಿದ ಹಾಗೆ ಚಪ್ಪಟೆಯಾಗಿತ್ತು. ಸಿಗ್ನಲ್ಲಿಗೆ ನಿಧಾನ ಮಾಡುವಾಗಲೂ ಹಾಗೇ. ಪಕ್ಕದಲ್ಲಿ ಗೇರಿನ ಗೆರೆ ಇತ್ತು. ಅದರ ಮೇಲೆ ಬೆರಳಿಟ್ಟು ಎಣಿಸುತ್ತ ಹೋದೆ.

ನ್ಯೂಟ್ರಲ್. ಪ್ರತಿ ಇಳಿಜಾರಲ್ಲೂ, ಪ್ರತಿ ಸಿಗ್ನಲ್ ಹತ್ತಿರವೂ ನ್ಯೂಟ್ರಲ್. ನಲವತ್ತೆಂಟು ಕಿಲೋಮೀಟರಿನ ಹಾದಿಯಲ್ಲಿ ತೊಂಬತ್ತೊಂದು ಸಲ.

ನನಗೆ ಕಾರು ಕಲಿಸುವಾಗಿನ ಮಾವನ ಎಡಗೈ ಕಣ್ಣ ಮುಂದೆ ಬಂತು. ಇಳಿಜಾರು ಕಂಡರೆ ಸಾಕು, ಆ ಕೈ ತಾನಾಗಿಯೇ ಗೇರನ್ನು ಬಿಡಿಸಿಬಿಡುತ್ತಿತ್ತು. "ಇಳಿಯೋವಾಗ ಎಂಜಿನ್ನಿಗೆ ಯಾಕೆ ಕೆಲಸ ಕೊಡ್ತೀಯ? ಬಿಟ್ಟುಬಿಡು, ಅದರಷ್ಟಕ್ಕೆ ಅದು ಉರುಳುತ್ತೆ" ಎನ್ನುತ್ತಿದ್ದರು. ಹಳೆಯ ಕಾರುಗಳಲ್ಲಿ ಆ ಕೈಯಿಂದಲೇ ಅವರು ತೊಟ್ಟು ತೊಟ್ಟು ಉಳಿಸಿದ್ದು. ಆದರೆ ಹೈಬ್ರಿಡ್ ನ್ಯೂಟ್ರಲ್ಲಿನಲ್ಲಿದ್ದರೆ ಚಕ್ರಕ್ಕೂ ಬ್ಯಾಟರಿಗೂ ಸಂಬಂಧ ಕಡಿದುಹೋಗುತ್ತದೆ, ಒಂದು ಚೂರೂ ತುಂಬುವುದಿಲ್ಲ. ತುಂಬದ ಬ್ಯಾಟರಿಗಾಗಿ ಎಂಜಿನ್ ಮತ್ತೆ ಮತ್ತೆ ಏಳಬೇಕು. ಅಂದರೆ ಮಾವನ ಕೈ ಪೆಟ್ರೋಲ್ ಕಾರನ್ನು ಮೇಲೆತ್ತಿತ್ತು, ಹೈಬ್ರಿಡ್ಡನ್ನು ಕೆಳಕ್ಕೆ ಒತ್ತಿತ್ತು. ಪರದೆಯ ಮೇಲೆ ಎಚ್ಚರಿಕೆಯೂ ಬಂದಿರುತ್ತದೆ, ಒರೆಸುವ ಬಟ್ಟೆಯ ಅಡಿಯಲ್ಲಿ.

ತಪ್ಪಿನಲ್ಲಿ ಅರ್ಧ ಪಾಲು ನನ್ನದು. ಉಳಿದ ಚಾಲಕರನ್ನೆಲ್ಲ ಕೂರಿಸಿಕೊಂಡು ಈ ಕಾರಿನಲ್ಲಿ ನ್ಯೂಟ್ರಲ್ ಮುಟ್ಟಬೇಡಿ ಎಂದು ಪಾಠ ಹೇಳಿದ್ದೆ. ಮಾವನಿಗೆ ಹೇಳಿರಲಿಲ್ಲ. ಮಾವನಿಗೆ ಹೇಳಿಕೊಡುವುದಕ್ಕೆ ನಾನು ಯಾರು ಎಂದುಕೊಂಡಿದ್ದೆ.

ಶನಿವಾರ ಸಂಜೆ ಮಾವನ ಮನೆಗೆ ಹೋದೆ. ಅತ್ತೆ ಬಾಗಿಲು ತೆಗೆದಳು. ಅತ್ತೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಾಳೆ, ಅಷ್ಟೇ ವರ್ಷದಿಂದ ತಾನೇ ಕಾರು ಓಡಿಸಿಕೊಂಡು ಹೋಗುತ್ತಾಳೆ. ಮಾವ ಮುಂಗೋಣೆಯಲ್ಲಿ ಕೂತು ಬೂಟು ಒರೆಸುತ್ತಿದ್ದರು. ನಾನು ಕಾಗದಗಳನ್ನು ಅವರ ಮುಂದೆ ಹರಡಿ, ಗೆರೆಗಳನ್ನು ತೋರಿಸಿ, ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ.

ಮಾವ ಬೂಟು ಕೆಳಗಿಟ್ಟರು. "ಏನಂದೆ? ನನ್ನ ಕೈ ತಪ್ಪಾ?"

"ಕೈ ತಪ್ಪಲ್ಲ ಮಾವ. ಈ ಕಾರಿಗೆ ಆ ಕೈ ಆಗ್ಬರಲ್ಲ."

"ನಿನ್ನ ಕಾರು ಸೋತಿದ್ದಕ್ಕೆ ನನ್ನ ಕೈ ಕಾರಣಾನಾ? ನಿಂಗೆ ಕ್ಲಚ್ಚು ಬ್ರೇಕು ಯಾವ್ದು ಅಂತ ತೋರಿಸಿದ ಕೈ ಕಣೇ ಇದು!"

"ಗೊತ್ತು. ಅದಕ್ಕೇ ನಿಮ್ಮ ಹತ್ರ ಬಂದಿರೋದು. ಹೈಬ್ರಿಡ್ ಬೇಡ ಅನ್ನೋರ ಕಾಗದ ನಿಂತಿರೋದು ನಿಮ್ಮ ಹೆಸರಿನ ಮೇಲೆ. ತೊಟ್ಟಪ್ಪನ ಕೈಯಲ್ಲೇ ಇಷ್ಟು ಅಂದ್ಮೇಲೆ ಇನ್ನೇನು ಅಂತ ಬಾಯಿ ಮುಚ್ಚಿಸ್ತಾರೆ. ನೀವು ಆ ಸಾಲಲ್ಲಿ ಇದೆ ಅಂತ ಒಂದು ಮಾತು ಬರೆದ್ರೆ ಮರುಪರೀಕ್ಷೆ ಆಗುತ್ತೆ."

"ಹೋಗೋ ಕಾಲದಲ್ಲಿ ಬರೀಬೇಕಾ?" ಮಾವನ ದನಿ ಏರಿತು. "ಮೂವತ್ತೊಂದು ವರ್ಷ ಇಲ್ಲ ಇಲ್ಲ ಅಂತ ಬರೆದು, ಕೊನೇ ಹಾಳೆಲಿ ಇದೆ ಅಂತ ಬರೆದು ಹೋಗ್ಲಾ? ಸಾಯೋವರೆಗೂ ಬರೆಯಲ್ಲ."

"ಹಾಗಾದ್ರೆ ಮಕ್ಕಳ ಮೂಗಿಗೆ ಹೊಗೆ ಬಿಡೋ ಕಾರನ್ನೇ ಇನ್ನೂ ಹತ್ತು ವರ್ಷ ಮಾರ್ತಾರೆ. ನಿಮ್ಮ ಸಾಲು ಚೊಕ್ಕಟವಾಗಿರುತ್ತೆ ಬಿಡಿ."

ಹಾಗೆ ಅನ್ನಬಾರದಿತ್ತು. ಅಂದೆ. ಮಾವನ ಮುಖ ಕೆಂಪಾಯಿತು. ಅಡುಗೆಮನೆಯಿಂದ ಅತ್ತೆ ಕೈ ಒರೆಸಿಕೊಳ್ಳುತ್ತ ಬಂದಳು.

"ಈ ಕಾರಲ್ಲಿ ಗೇರ್ ಮುಟ್ಟಬಾರ್ದು, ಬ್ರೇಕ್ ಹಾಕಿದ್ರೆ ಒಳ್ಳೇದು, ಅಷ್ಟೇ ತಾನೇ?" ಎಂದು ನನ್ನನ್ನು ಕೇಳಿದಳು. "ಹಾಗಾದ್ರೆ ನಾನೇ ಓಡಿಸ್ತೀನಿ, ಕೊಡು."

ಮಾವ ಬಿದ್ದು ಬಿದ್ದು ನಕ್ಕರು. ನಗುವುದರಲ್ಲಿ ನ್ಯಾಯವಿತ್ತು. ಅತ್ತೆಯ ಡ್ರೈವಿಂಗ್ ನಮ್ಮ ಕುಟುಂಬದ ಹಳೆಯ ತಮಾಷೆ. ಸೀಟನ್ನು ಪೂರ್ತಿ ಮುಂದೆಳೆದು, ಸ್ಟೇರಿಂಗನ್ನು ತಬ್ಬಿಕೊಂಡು, ಪಕ್ಕದ ಸೀಟಿನ ಬ್ಯಾಗಿಗೂ ಬೆಲ್ಟು ಹಾಕಿ ಹೊರಡುತ್ತಾಳೆ. ಫುಟ್‌ಪಾತಿನ ಮೇಲೆ ನಾಯಿ ಆಕಳಿಸಿದರೂ ಅರ್ಧ ಬೀದಿ ಮುಂಚೆಯೇ ಬ್ರೇಕಿನ ಮೇಲೆ ಮೆಲ್ಲಗೆ ಕಾಲಿಡುತ್ತಾಳೆ. ಮನೆಯ ಪೆಟ್ರೋಲ್ ಕಾರಿನಲ್ಲಿ ಅವಳಿಗೆ ಲೀಟರಿಗೆ ಹನ್ನೆರಡು ಬಂದರೆ ಹೆಚ್ಚು. ಮಾವ ಅವಳ ಪಕ್ಕದಲ್ಲಿ ಕೂರುವುದನ್ನು ಬಿಟ್ಟು ಹದಿನೈದು ವರ್ಷವಾಗಿದೆ.

"ಇವಳು ಓಡಿಸಿದ್ರೆ ಕಾರೇ ಇಳಿದು ತಳ್ಳು ಅನ್ನುತ್ತೆ" ಎಂದರು ಮಾವ. "ಹೋಗ್ಲಿ. ನಾಳೆ ಓಡಿಸ್ಲಿ. ಇವಳು ನನ್ನ ಇಪ್ಪತ್ತನ್ನ ದಾಟಿದ್ರೆ ನಿನ್ನ ಹಾಳೆಲಿ ಬರೀತೀನಿ. ದಾಟದೇ ಹೋದ್ರೆ ನೀನು ಸೋಮವಾರ ಬಾಯಿ ಮುಚ್ಕೊಂಡು ಸಹಿ ಹಾಕ್ತೀಯ."

"ಆಯ್ತು" ಅಂದೆ.

ಪರೀಕ್ಷೆಯ ಕಾರನ್ನು ಕಾರ್ಖಾನೆಯವರಲ್ಲದವರು ಓಡಿಸಬೇಕಾದರೆ ನಿರ್ದೇಶಕರ ಅನುಮತಿ ಬೇಕು. ಕೇಳಿದರೆ ಕೊಡುವುದಿಲ್ಲ ಎಂದು ಗೊತ್ತಿತ್ತು. ಅನುಮತಿ ಪತ್ರದಲ್ಲಿ ಅವರ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆದು, ನನ್ನದೇ ಸಹಿ ಹಾಕಿ, ಭಾನುವಾರ ಬೆಳಿಗ್ಗೆ ಕಾರು ಹೊರಗೆ ತಂದೆ. ಯಾರ ಕಣ್ಣಿಗೂ ಮಣ್ಣೆರಚಲಿಲ್ಲ, ಕದ್ದುಮುಚ್ಚಿಯೂ ಮಾಡಲಿಲ್ಲ. ಗೇಟಿನ ಕಾವಲುಗಾರನಿಗೆ ಪತ್ರದ ನಕಲು ಕೊಟ್ಟೇ ಬಂದೆ.

ಮೊದಲು ಪೆಟ್ರೋಲ್ ಬಂಕಿಗೆ ಹೋದೆವು. ಟ್ಯಾಂಕು ತುಂಬಿಸುವುದನ್ನು ಮಾವ ಯಾರಿಗೂ ಬಿಡುವುದಿಲ್ಲ. ಕತ್ತಿನವರೆಗೆ ತುಂಬಿಸಿ, ಕಾರಿನ ಬೆನ್ನನ್ನು ಎರಡೂ ಕೈಯಲ್ಲಿ ಮೂರು ಸಲ ಅಲುಗಾಡಿಸಿದರು. ಒಳಗಿನ ಗಾಳಿಗುಳ್ಳೆ ಗುಳುಗುಳು ಎಂದು ಹೊರಬಂದ ಮೇಲೆ ಮತ್ತೆ ಹನಿ ಹನಿಯಾಗಿ ತುಂಬಿಸಿದರು. ಹೀಗೆ ಮಾಡಿದರೆ ಮಾತ್ರ ಮೊದಲಿನ ಮತ್ತು ಕೊನೆಯ ಅಳತೆ ಒಂದಕ್ಕೊಂದು ಕೂಡುತ್ತದೆ. ಆಮೇಲೆ ಹಿಂದಿನ ಸೀಟಿನಲ್ಲಿ ಹೋಗಿ ಕೂತು, ಎದುರು ಸೀಟಿನ ತಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಅತ್ತೆ ಸೀಟು ಮುಂದೆಳೆದಳು. ಬ್ಯಾಗನ್ನು ನನ್ನ ತೊಡೆಯ ಮೇಲಿಟ್ಟಳು.

ಅದೇ ನಲವತ್ತೆಂಟು ಕಿಲೋಮೀಟರ್. ಸಂತೆಯ ಬೀದಿ, ಆಸ್ಪತ್ರೆಯ ಮುಂದಿನ ಇಕ್ಕಟ್ಟು, ಮೇಲ್ಸೇತುವೆ, ಗುಡ್ಡದ ರಸ್ತೆಯ ಏರು, ಅದರಾಚೆಯ ಉದ್ದನೆ ಇಳಿಜಾರು. ಅತ್ತೆ ದಾರಿಯುದ್ದಕ್ಕೂ ಬ್ರೇಕ್ ಹಾಕಿದಳು. ತಳ್ಳುಗಾಡಿಗೆ ಹಾಕಿದಳು, ಬಸ್ಸಿಗೆ ಹಾಕಿದಳು, ಬಸ್ಸು ಬರಬಹುದೆಂಬ ಅನುಮಾನಕ್ಕೂ ಹಾಕಿದಳು.

"ಅಯ್ಯೋ, ಅದು ನಿಂತಿರೋ ಕಾರು ಕಣೇ! ಅದಕ್ಯಾಕೆ ಬ್ರೇಕು?" ಎಂದು ಮಾವ ಹಿಂದಿನಿಂದ ನರಳಿದರು.

"ಹೊರಟುಬಿಟ್ರೆ?"

ಇಳಿಜಾರಿನ ನೆತ್ತಿಗೆ ಬಂದಾಗ ನಾನು ಹಿಂದೆ ತಿರುಗಿ ನೋಡಿದೆ. ಮಾವನ ಎಡಗೈ ತನ್ನಷ್ಟಕ್ಕೆ ಎದ್ದು, ಅಲ್ಲಿಲ್ಲದ ಗೇರನ್ನು ಹಿಂದಕ್ಕೆ ಎಳೆಯಿತು. ಅವರೂ ಅದನ್ನು ನೋಡಿಕೊಂಡರು. ಕೈಯನ್ನು ಕೆಳಗಿಳಿಸಿ ಕಿಟಕಿಯ ಕಡೆ ಮುಖ ತಿರುಗಿಸಿದರು. ಅಲ್ಲಿಂದ ಮುಂದೆ ಅವರು ಅತ್ತೆಯನ್ನು ಗದರಲಿಲ್ಲ. ಅತ್ತೆ ಇಳಿಜಾರಿನುದ್ದಕ್ಕೂ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದಳು, ಪರದೆಯ ಮೇಲಿನ ಬ್ಯಾಟರಿ ಚಿತ್ರದ ಮನೆಗಳು ಒಂದೊಂದಾಗಿ ತುಂಬುತ್ತ ಹೋದವು. ಇಳಿದ ಮೇಲೆ ವಾಪಸು ಬರುವ ದಾರಿಯ ಸಂತೆಯ ಬೀದಿಯಲ್ಲಿ ಎಂಜಿನ್ ಒಂದು ಸಲವೂ ಏಳಲಿಲ್ಲ, ಕಾರಿನೊಳಗೆ ಅತ್ತೆಯ ಬಳೆಯ ಸದ್ದು ಕೇಳುವಷ್ಟು ಮೌನವಿತ್ತು.

ಮತ್ತೆ ಅದೇ ಬಂಕು. ಮತ್ತೆ ಮಾವನೇ ತುಂಬಿಸಿದರು. ಮೂರು ಸಲ ಅಲುಗಾಡಿಸಿದರು, ಹನಿ ಹನಿಯಾಗಿ ಬಿಟ್ಟರು. ನಾನು ಅತ್ತೆಯ ಕೈ ಹಿಡಿದುಕೊಂಡು ನಿಂತಿದ್ದೆ. ಪೆಟ್ರೋಲು ಕತ್ತಿಗೆ ಬಂದು ನಿಂತಾಗ ಮೀಟರಿನಲ್ಲಿ ಒಂದೂ ಮುಕ್ಕಾಲು ಲೀಟರು, ಅದರ ಮೇಲೆ ಒಂದು ಲೋಟ.

"ಇನ್ನೊಂದ್ಸಲ ಅಲ್ಲಾಡಿಸಿ ನೋಡ್ತೀನಿ" ಎಂದರು ಮಾವ. ಅಲ್ಲಾಡಿಸಿದರು. ಒಂದು ಹನಿಯೂ ಹಿಡಿಯಲಿಲ್ಲ.

ಲೀಟರಿಗೆ ಇಪ್ಪತ್ತೈದು ದಾಟಿತ್ತು. ಮಾವನ ಇಪ್ಪತ್ತರ ಮೇಲೆ ಐದು. ಅತ್ತೆಗೆ ಕುಣಿದಾಡುವಷ್ಟು ಖುಷಿಯಾಗಿತ್ತು, ಬಾಯಿ ತೆರೆದವಳು ಗಂಡನ ಮುಖ ನೋಡಿ ಮುಚ್ಚಿಕೊಂಡಳು. ಮಾವ ಪೈಪನ್ನು ಅದರ ಜಾಗಕ್ಕೆ ಸಿಕ್ಕಿಸಿ, ಕೈ ಒರೆಸಿಕೊಂಡು, "ನಾನು ನಡ್ಕೊಂಡು ಬರ್ತೀನಿ" ಎಂದು ಹೊರಟುಬಿಟ್ಟರು. ಗೆದ್ದಿದ್ದೆ, ಆದರೂ ಅವರ ಬೆನ್ನು ನೋಡುತ್ತ ನನಗೆ ಅಳು ಬಂತು.

ಸಂಜೆ ಅತ್ತೆ ಫೋನು ಮಾಡಿದಳು. "ನಿಮ್ಮ ಮಾವ ಊಟಾನೂ ಮಾಡಿಲ್ಲ ಕಣೇ. ಬೀದೀಲಿ ನಿಲ್ಸಿರೋ ನಮ್ಮ ಕಾರಲ್ಲಿ ಹೋಗಿ ಕೂತಿದಾರೆ. ಎಂಜಿನ್ ಹಾಕಿಲ್ಲ, ಏನಿಲ್ಲ. ಸುಮ್ನೆ ಆ ಗೇರನ್ನ ಹಿಡ್ಕೊಂಡು ಕೂತಿದಾರೆ."

"ಹಾಳೆ ವಿಷಯ ಏನಾದ್ರೂ ಅಂದ್ರಾ?"

"ಏನೂ ಅನ್ನಲಿಲ್ಲ."

ಮಾವ ಮಾತಿಗೆ ತಪ್ಪುವವರಲ್ಲ. ಆದರೆ ಇದು ಬರೀ ಮಾತಿನ ಪ್ರಶ್ನೆಯಲ್ಲ ಎಂದು ನನಗೂ ಗೊತ್ತಿತ್ತು. ಅವರು ಬರೆಯದೇ ಹೋದರೆ ನಾನು ಕೇಳುವುದಿಲ್ಲ, ಆದರೆ ಸಹಿಯನ್ನೂ ಹಾಕುವುದಿಲ್ಲ ಎಂದು ನಿಶ್ಚಯಿಸಿಕೊಂಡೆ.

ಸೋಮವಾರ ಅದೇ ಕೋಣೆ, ಅದೇ ಒಂಬತ್ತು ಜನ. ಹಳದಿ ಹಾಳೆ ಸಮೇತ ವರದಿ ಮೇಜಿನ ನಡುವೆ ಇತ್ತು. ನಾನು ನಿಂತುಕೊಂಡೇ ಗೆರೆಗಳನ್ನು ತೋರಿಸಿದೆ, ಭಾನುವಾರದ ಅಂಕಿ ಹೇಳಿದೆ, ಯಾರ ಅನುಮತಿಯಿಂದ ಕಾರು ತೆಗೆದುಕೊಂಡು ಹೋದೆ ಎಂದು ಕೇಳಿದಾಗ ನನ್ನದೇ ಅನುಮತಿಯಿಂದ ಎಂದೆ.

ನಿರ್ದೇಶಕರು ಕನ್ನಡಕ ತೆಗೆದರು. "ಹಾಗಾದ್ರೆ ಅದು ಪರೀಕ್ಷೆಯೇ ಅಲ್ಲ. ಲೆಕ್ಕಕ್ಕಿಲ್ಲ. ಹಾಳೆಯಲ್ಲಿ ಏನಿದೆಯೋ ಅದೇ ಲೆಕ್ಕ."

"ಹಾಳೆಯಲ್ಲಿ 'ಇಲ್ಲ' ಅಂತಿದೆ" ಎಂದರು ಕರಪತ್ರ. "ಯಾರೋ ಗೃಹಿಣಿ ಒಬ್ಬರು ಸುತ್ತು ಹೊಡ್ಕೊಂಡು ಬಂದ್ರು ಅಂತ ತೊಟ್ಟಪ್ಪನ ಅಂಕಿ ಬದಿಗಿಡೋಕಾಗುತ್ತಾ?"

"ಆ ಗೃಹಿಣಿ ಇಪ್ಪತ್ತು ವರ್ಷದಿಂದ ಕೆಲಸಕ್ಕೆ ಹೋಗ್ತಿದಾಳೆ" ಅಂದೆ. "ನಿಮ್ಮ ಕಾರು ಕೊಳ್ಳೋಳೂ ಅವಳೇ. ಅವಳ ಅಂಕಿ ಲೆಕ್ಕಕ್ಕಿಲ್ಲ ಅನ್ನೋದಾದ್ರೆ ಕಾರು ಯಾರಿಗೆ ಮಾಡ್ತಿದೀರಿ? ಸಹಿ ಹಾಕಲ್ಲ ಸರ್. ಬಣ್ಣದ ವಿಭಾಗಕ್ಕೆ ಯಾವಾಗ ಹೋಗ್ಬೇಕು ಹೇಳಿ."

ಆಗ ಬಾಗಿಲು ತೆರೆಯಿತು. ಚಾಲಕರು ಮೂರನೇ ಮಹಡಿಗೆ ಬರುವುದು ನಮ್ಮಲ್ಲಿಲ್ಲ. ಮಾವ ಕೆಲಸದ ನೀಲಿ ಅಂಗಿಯಲ್ಲಿ, ತೆಳ್ಳನೆ ಬೂಟಿನಲ್ಲಿ ಬಂದು ನಿಂತಿದ್ದರು. ರಾತ್ರಿ ನಿದ್ದೆ ಇಲ್ಲದ ಕಣ್ಣು. ನನ್ನ ಕಡೆ ನೋಡಲಿಲ್ಲ.

"ನನ್ನ ಹಾಳೆ ಕೊಡಿ" ಎಂದರು.

ನಿರ್ದೇಶಕರು ಅದನ್ನು ಮುಂದೆ ತಳ್ಳಿದರು. ಮಾವ ಜೇಬಿನಿಂದ ಪೆನ್ನು ತೆಗೆದು, 'ಇಲ್ಲ' ಎಂಬುದರ ಮೇಲೆ ಒಂದು ಗೆರೆ ಎಳೆದರು. ಪಕ್ಕದಲ್ಲಿ ಬಗ್ಗಿ ನಿಧಾನಕ್ಕೆ ಬರೆದರು. ಬರೆಯುವುದಕ್ಕೆ ಅವರಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಹಾಳೆಯನ್ನು ತಿರುಗಿಸಿ ಮೇಜಿನ ನಡುವೆ ಇಟ್ಟರು. ಚಾಲಕನ ತಪ್ಪು: ಇದೆ. ಚೆನ್ನಾಗಿ ಓಡಿಸಲು ಹೋದದ್ದು.

ಕರಪತ್ರ ಬೇಗ ಸುಧಾರಿಸಿಕೊಂಡರು. "ನೋಡಿ, ಇದು ಇನ್ನೂ ಕೆಟ್ಟದಾಯ್ತಲ್ಲ! ನಿಮ್ಮಂಥವರ ಕೈಯಲ್ಲೇ ಹೀಗಾದ್ರೆ ಮಾಮೂಲಿ ಗಿರಾಕಿ ಗತಿ ಏನು?"

"ನಿಮ್ಮ ಗಿರಾಕಿ ನಾನಲ್ಲ ಸ್ವಾಮಿ" ಎಂದರು ಮಾವ. ತಲೆ ತಗ್ಗಿರಲಿಲ್ಲ. "ನನ್ನ ಹೆಂಡತಿ ನಿಮ್ಮ ಗಿರಾಕಿ. ಗೇರು ಹಾಕಿದ್ರೆ ಮನೆ ಮುಟ್ಟೋವರೆಗೂ ತೆಗೆಯಲ್ಲ. ಹೆಜ್ಜೆಗೊಂದು ಬ್ರೇಕ್ ಹಾಕ್ತಾಳೆ. ನಾನು ಇಪ್ಪತ್ತು ವರ್ಷ ಅವಳನ್ನ ಆಡ್ಕೊಂಡೆ. ನಿನ್ನೆ ಅವಳು ನನ್ನ ಮುಂದೆ ಐದು ಕಿಲೋಮೀಟರ್ ಹೆಚ್ಚಿಗೆ ತೆಗೆದ್ಲು. ಪೆಟ್ರೋಲ್ ತುಂಬಿದ್ದು ನಾನೇ, ಅಲ್ಲಾಡಿಸಿದ್ದೂ ನಾನೇ. ಚೆನ್ನಾಗಿ ಓಡಿಸೋಕೆ ಬರೋನಿಗೆ ಯಾವ ಕಾರಾದ್ರೂ ಆಗುತ್ತೆ. ಬರದೇ ಇರೋರಿಗೆ ಇದು ಬೇಕು. ಅವರೇ ಜಾಸ್ತಿ ಇರೋದು."

ಮಾವ ಪೆನ್ನನ್ನು ಜೇಬಿಗೆ ಸಿಕ್ಕಿಸಿ, "ಮರುಪರೀಕ್ಷೆ ಯಾವತ್ತು ಅಂತ ಡ್ರೈವರ್ ರೂಮಿಗೆ ಹೇಳಿಕಳಿಸಿ" ಎಂದು ಹೊರಟರು.

ಮರುಪರೀಕ್ಷೆ ಆಯಿತು. ಈ ಸಲ ನಮ್ಮ ಚಾಲಕರ ಜೊತೆಗೆ ಏಳು ಜನ ಮಾಮೂಲಿ ಮಂದಿ ಓಡಿಸಿದರು. ಆರು ವಾರದ ನಂತರ ಅದೇ ಮೇಜಿನ ಮೇಲೆ, ಸೆಡಾನಿಗೆ ಫುಲ್ ಹೈಬ್ರಿಡ್ ಕೊಡುವುದೆಂದು ತೀರ್ಮಾನವಾಯಿತು. ಆ ಕಾಗದಕ್ಕೆ ನಾನು ಸಹಿ ಹಾಕಿದೆ, ಅದೂ ಎರಡು ಸಾಲಿನ ಜಾಗ ತಿನ್ನುವಷ್ಟು ದೊಡ್ಡದಾಗಿ. ಅನುಮತಿ ಇಲ್ಲದೆ ಕಾರು ತೆಗೆದದ್ದಕ್ಕೆ ನನಗೊಂದು ಎಚ್ಚರಿಕೆಯ ಪತ್ರ ಬಂತು. ವಿವರಣೆ ಕೊಡು ಎಂದಿದ್ದರು, ಮತ್ತೆ ಬೇಕಾದರೆ ಮತ್ತೆ ಮಾಡುತ್ತೇನೆ ಎಂದು ಬರೆದು ಕೊಟ್ಟೆ. ಅದೀಗ ನನ್ನ ಫೈಲಿನಲ್ಲಿದೆ, ಇರಲಿ.

ಮರುಪರೀಕ್ಷೆಯ ಮೊದಲ ದಿನ ಓಡಿಸಿದ್ದು ಮಾವನೇ. ಕೆಲಸದಲ್ಲಿ ಅವರ ಕೊನೆಯ ವಾರ ಅದು. ನಾನು ಪಕ್ಕದಲ್ಲಿ, ಈ ಸಲ ಸರಿಯಾದ ಅನುಮತಿ ಪತ್ರದೊಂದಿಗೆ ಅತ್ತೆ ಹಿಂದಿನ ಸೀಟಿನಲ್ಲಿ. ಒರೆಸುವ ಬಟ್ಟೆ ಮಡಚಿ ಡಿಕ್ಕಿಯಲ್ಲಿತ್ತು. ಗುಡ್ಡದ ನೆತ್ತಿಗೆ ಬಂದಾಗ ಅವರ ಎಡಗೈ ಎದ್ದಿತು. ಅವರು ಅದನ್ನು ತೊಡೆಯ ಕೆಳಗೆ ಸಿಕ್ಕಿಸಿ ಅದರ ಮೇಲೆ ಕೂತುಬಿಟ್ಟರು. ಪರದೆಯ ಮೇಲೆ ಬ್ಯಾಟರಿಯ ಮನೆಗಳು ತುಂಬತೊಡಗಿದವು. ಮಾವ ಒಂದು ಕಣ್ಣಿನಲ್ಲಿ ರಸ್ತೆ, ಒಂದು ಕಣ್ಣಿನಲ್ಲಿ ಅದನ್ನು ನೋಡುತ್ತ ಇಳಿದರು.

"ಮೂವತ್ತೊಂದು ವರ್ಷ ಕಣೇ" ಎಂದರು. "ತೊಟ್ಟು ತೊಟ್ಟು ಅಂತ ಸಾಯ್ತಿದ್ದೆ. ಇಡೀ ಇಳಿಜಾರನ್ನೇ ಚೆಲ್ಕೊಂಡು ಬಂದಿದೀನಿ."

"ಆಗಿನ ಕಾರುಗಳಲ್ಲಿ ಹಿಡಿಯೋಕೆ ಪಾತ್ರೆ ಇರ್ಲಿಲ್ಲ ಮಾವ."

"ಈಗ ಇದೆಯಲ್ಲ. ಮೂರನೇ ಮಹಡಿಯೋರು ಕೊಡಲ್ಲ ಅನ್ಲಿ ನೋಡೋಣ."

"ರೀ, ಮುಂದೆ ನಾಯಿ" ಎಂದಳು ಅತ್ತೆ ಹಿಂದಿನಿಂದ.

ನಾಯಿ ಫುಟ್‌ಪಾತಿನ ಮೇಲೆ ಮಲಗಿತ್ತು. ಮಾವ ಬ್ರೇಕಿನ ಮೇಲೆ ಮೆಲ್ಲಗೆ ಕಾಲಿಟ್ಟರು.